ವಕೀಲರ ಪಥ್ಯ

ಬೈಲಹೊಂಗಲ
೧೪ ಮೇ ೧೯೧೧

ಹಿರಿಯರಾದ ಇಂದ್ರವ್ವ ಅಕ್ಕನವರಿಗೆ ಬಸಲಿಂಗಪ್ಪ ವಕೀಲನ ಶರಣು.

ನಿಮ್ಮ ತಂಗಿ ರಾಮವ್ವ ಸುಖವಾಗಿದ್ದಾಳೆ. ಸುಖವಾಗಿಲ್ಲದವನು ನಾನು. ನನಗೆ ಸಿಹಿಮೂತ್ರದ ರೋಗ ಬಂದಿದೆ.

ಹೋದ ವಾರ ನಸುಕಿನಲ್ಲಿ ಮುಖ ತೊಳೆಯಲು ಹೋದಾಗ ಬಚ್ಚಲ ಮೋರಿಯ ಬಾಯಿಗೆ ಕೆಂಪಿರುವೆಗಳು ಮುತ್ತಿಕೊಂಡಿದ್ದವು. ರಾತ್ರಿ ಹೊತ್ತು ಆ ಬಚ್ಚಲು ಯಾವುದಕ್ಕೆಲ್ಲ ಬಳಕೆಯಾಗುತ್ತದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಇರುವೆ ಬಂತೆಂದರೆ ಮೂತ್ರದಲ್ಲಿ ಸಕ್ಕರೆ ಇದೆಯೆಂದೇ ಅರ್ಥ. ಮನೆಯಲ್ಲಿ ಇರುವವರು ನಾವಿಬ್ಬರೇ. ಇದು ಗಾದಿಯ ಮೇಲೆ ಕುಳಿತು, ತುಪ್ಪ ಹೋಳಿಗೆ ಉಂಡು, ತಲೆ ಓಡಿಸುವವರಿಗೆ ಬರುವ ರೋಗ. ಆದ್ದರಿಂದ ಯಾರಿಗೆ ಬಂದಿದೆಯೆಂದು ವಿಚಾರಿಸುವ ಕಾರಣವೇ ಇರಲಿಲ್ಲ.

ಕೂಡಲೇ ಬೆಳಗಾವಿಗೆ ಹೋಗಿ ಇಂಗ್ಲಿಷ್ ವೈದ್ಯ ಕಲಿತ ಡಾಕ್ಟರನನ್ನು ಕಂಡೆ. ಆ ಮನುಷ್ಯ ಒಂದು ಗಾಜಿನ ಬಾಟ್ಲಿಯನ್ನು ನನ್ನ ಕೈಗಿಟ್ಟು, "ಹಿಂದ ಹೋಗಿ ತುಂಬಿಕೊಂಡ ಬರ್ರಿ ವಕೀಲಸಾಹೇಬ್ರ, ಕಾಸಿ ನೋಡೂಣು" ಎಂದ. ಹೊರಗಿನ ಪಡಸಾಲೆಯಲ್ಲಿ ನನ್ನ ಎದುರು ಪಕ್ಷದ ಮನುಷ್ಯನೇ ತನ್ನ ಕೆಮ್ಮಿಗೆ ಔಷಧ ಕೇಳಲು ಬಂದು ಕುಳಿತಿದ್ದ. ಅವನ ಕಣ್ಣೆದುರು ನಾನು ಬಾಟ್ಲಿ ಹಿಡಿದು ಓಡಾಡಬೇಕೇ? ಇರುವೆಗಳ ಸಾಕ್ಷಿ ಸಾಕು, ಪಥ್ಯ ಹೇಳು ಎಂದೆ. ಅವನಿಗೂ ಸಿಟ್ಟು ಬಂತು. ಧಾನ್ಯವೆಂಬುದನ್ನೇ ಮುಟ್ಟಬೇಡಿ, ಮಾಂಸದ ಸಾರು, ತತ್ತಿ, ಬೆಣ್ಣೆ, ಸೊಪ್ಪು, ಇಷ್ಟೇ ತಿನ್ನಿ ಎಂದ. ಕೊರಳಲ್ಲಿ ಲಿಂಗ ಕಟ್ಟಿದವನಿಗೆ ಈ ಮಾತು. ಅವನ ಫೀಯನ್ನು ಮೇಜಿನ ಮೇಲೆ ಎಸೆದು ಎದ್ದು ಬಂದೆ.

ಮರುದಿನ ಮುನವಳ್ಳಿಯ ಮುದಕಪ್ಪ ವೈದ್ಯನ ಬಳಿ ಹೋದೆ. ಆತ ಬಾಟ್ಲಿಯನ್ನೂ ಕೇಳಲಿಲ್ಲ, ನಾಲಿಗೆಯನ್ನೂ ನೋಡಲಿಲ್ಲ. ಅಕ್ಕಿ, ಜೋಳ, ಬೆಲ್ಲ ಬಿಡಬೇಕು. ನವಣಕ್ಕಿಯ ಅನ್ನ, ಹಾಗಲಕಾಯಿ, ಮೆಂತ್ಯದ ಪಲ್ಲೆ, ನೇರಳೆ ಬೀಜದ ಪುಡಿ. ಬೆಳಿಗ್ಗೆ ಸಂಜೆ ಊರ ಹೊರಗೆ ಬೆವರು ಬರುವಂತೆ ನಡೆಯಬೇಕು. ಇದು ಮನುಷ್ಯರಿಗೆ ಹೇಳುವ ಪಥ್ಯ.

ರಾಮವ್ವ ನನ್ನ ಸೇವೆಯಲ್ಲಿ ಏನೂ ಕಡಿಮೆ ಮಾಡುತ್ತಿಲ್ಲ. ಈ ರೋಗದವರಿಗೆ ರಾತ್ರಿ ನೀರಡಿಕೆಯಾಗುತ್ತದೆಂದು ಕೇಳಿ, ದೊಡ್ಡ ತಂಬಿಗೆಯಲ್ಲಿ ನೀರು ತುಂಬಿ ತಲೆದೆಸೆಗೆ ಇಡುತ್ತಾಳೆ. ನನಗೆ ಕುಡಿದ ನೆನಪೇ ಇರುವುದಿಲ್ಲ, ಆದರೆ ಬೆಳಗಾಗುವಷ್ಟರಲ್ಲಿ ತಂಬಿಗೆ ಬರಿದಾಗಿರುತ್ತದೆ. ನಿದ್ದೆಗಣ್ಣಿನಲ್ಲಿ ಕುಡಿಯುತ್ತೇನೆಂದು ತೋರುತ್ತದೆ. ರೋಗ ಎಷ್ಟು ಬಲಿತಿದೆ ನೋಡಿರಿ.

"ಅಕ್ಕಗ ಶರಣು ಅಂತ ಬರೀರಿ" ಎಂದು ಒಳಗಿನಿಂದ ಹೇಳುತ್ತಿದ್ದಾಳೆ. ಬರೆದಿದ್ದೇನೆ.

ನಿಮ್ಮವನಾದ
ಬಸಲಿಂಗಪ್ಪ


ಸವದತ್ತಿ
೨೧ ಮೇ ೧೯೧೧

ರಾಜಮಾನ್ಯ ರಾಜಶ್ರೀ ವಕೀಲ ಸಾಹೇಬರಿಗೆ ಇಂದ್ರವ್ವಳ ಶರಣು.

ನಿಮ್ಮ ಪತ್ರ ತಲುಪಿತು. ಸಾಲೆಯ ಹುಡುಗಿಯರಿಗೆ ಬರಹ ಕೊಟ್ಟು ಕುಳಿತು ಓದಿದೆ. ರೋಗ ಬಂದದ್ದಕ್ಕೆ ಮನಸ್ಸಿಗೆ ಕೆಟ್ಟದೆನಿಸಿತು. ಆದರೆ ಅಷ್ಟು ದೂರ ಬಂಡಿ ಹೂಡಿಕೊಂಡು ಹೋದವರು ಒಂದು ಬಾಟ್ಲಿ ತುಂಬಿಸಲಾರದೆ ಬಂದಿರಲ್ಲ, ಅದನ್ನು ಓದಿ ಸಿಟ್ಟೂ ಬಂತು. ಕೋರ್ಟಿನಲ್ಲಿ ಸಾಕ್ಷಿಯನ್ನು ಒಂದು ತಾಸು ಹಿಂಡುವವರು ನೀವು. ಇಲ್ಲಿ ಮಾತ್ರ ಇರುವೆ ಹೇಳಿದ್ದನ್ನು ಎದುರು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿರಿ.

ನಾನು ಕೇಳುವುದು ಬೇರೆ ಮಾತು. ನಿಮಗೆ ನವಣಕ್ಕಿ, ಸರಿ. ರಾಮಿ ಏನು ಉಣ್ಣುತ್ತಿದ್ದಾಳೆ? ಗಂಡ ಉಂಡ ತಾಟಿನಲ್ಲಿ, ಗಂಡ ಉಂಡದ್ದನ್ನೇ ಉಣ್ಣುವ ಪದ್ಧತಿ ನಿಮ್ಮ ಮನೆಯಲ್ಲಿ ಇನ್ನೂ ನಡೆದಿದೆ. ರೋಗ ನಿಮಗೆ, ಹಾಗಲಕಾಯಿ ಅವಳಿಗೂ ಏಕೆ? ಅವಳಿಗಾಗಿ ಎರಡು ಜೋಳದ ರೊಟ್ಟಿ ಬಡಿದುಕೊಳ್ಳಲು ನೀವೇ ಬಾಯಿಬಿಟ್ಟು ಹೇಳಬೇಕು. ನೀವು ಹೇಳದೆ ಅವಳು ಮಾಡಿಕೊಳ್ಳುವವಳಲ್ಲ.

ಕಟಕೋಳದ ನಮ್ಮ ತವರು ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಅವಳ ಪರವಾಗಿ ಕೇಳುವವಳು ನಾನೊಬ್ಬಳೇ. ಆದ್ದರಿಂದ ಗಟ್ಟಿಯಾಗಿಯೇ ಕೇಳುತ್ತೇನೆ.

ಇಂದ್ರವ್ವ


ಬೈಲಹೊಂಗಲ
೨೫ ಜೂನ್ ೧೯೧೧

ಇಂದ್ರವ್ವ ಅಕ್ಕನವರಿಗೆ ಶರಣು.

ಮುದಕಪ್ಪ ವೈದ್ಯನಿಗೆ ನನ್ನ ಮನೆಯ ಬಾಗಿಲು ಇನ್ನು ಮುಚ್ಚಿತು. ತಿಂಗಳ ಮೇಲಾಯಿತು, ಕಹಿ ತಿಂದು ನನ್ನ ನಾಲಿಗೆ ಸತ್ತಿದೆ. ಕೋರ್ಟಿನಲ್ಲಿ ವಾದ ಮಾಡುವಾಗ ಮೆಂತ್ಯದ ತೇಗು ಬಂದು ಜಡ್ಜ್ ಸಾಹೇಬರು ಮುಖ ತಿರುಗಿಸುತ್ತಾರೆ. ಮಾವಿನಹಣ್ಣಿನ ಕಾಲ ನನ್ನೆದುರೇ ಬಂದು ಹೋಯಿತು. ಇಷ್ಟೆಲ್ಲ ಆದ ಮೇಲೂ ಇರುವೆಗಳು ತುಸು ಕಡಿಮೆಯಾದವೇ ಹೊರತು ಹೋಗಲಿಲ್ಲ. ಕೇಳಿದರೆ, "ನೀವು ನಡ್ಯಾಣಿಲ್ರಿ, ಕುಂತ ಕುಂತ ಗುಣಾ ಆಗಂದ್ರ ಹೆಂಗ ಆಗತೈತಿ" ಎಂದು ನನ್ನ ಮೇಲೆಯೇ ಹಾಕಿದ. ನಾನು ನಡೆಯುವುದನ್ನು ಊರೆಲ್ಲ ನೋಡಿದೆ.

ಆದ್ದರಿಂದ ಡಾಕ್ಟರನ ಪಥ್ಯವನ್ನು ನಮ್ಮ ಧರ್ಮಕ್ಕೆ ಒಪ್ಪುವಂತೆ ತಿದ್ದಿ ನಡೆಸಿದ್ದೇನೆ. ಧಾನ್ಯ ಬಂದ್. ಬೆಣ್ಣೆ, ಕೆನೆ ಮೊಸರು, ಸೊಪ್ಪಿನ ಪಲ್ಲೆ, ಬದನೆಕಾಯಿ, ಒಂದು ಹಿಡಿ ಶೇಂಗಾ. ರೊಟ್ಟಿಯಿಲ್ಲದೆ ಬರಿ ಪಲ್ಲೆ ತಿನ್ನುವುದೆಂದರೆ ದನಕ್ಕೂ ನನಗೂ ಏನು ಭೇದ ಉಳಿಯಿತು? ಕಣ್ಣು ಮುಚ್ಚಿದರೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸುತ್ತದೆ.

ನಿಮ್ಮ ಮಾತಿನಂತೆ ರಾಮವ್ವನಿಗೆ, ನಿನಗಾಗಿ ಬೇರೆ ರೊಟ್ಟಿ ಮಾಡಿಕೋ ಎಂದು ಒಮ್ಮೆಯಲ್ಲ, ಹಲವು ಸಲ ಹೇಳಿದೆ. "ನೀವು ಉಣ್ಣದ್ದು ನನಗ ಗಂಟಲಾಗ ಇಳಿಯೂದಿಲ್ಲರಿ" ಎಂದಳು. ಇಂಥ ಹೆಂಡತಿ ಯಾರಿಗೆ ಸಿಕ್ಕಾಳು? ನೀವು ಸಾಲೆಯಲ್ಲಿ ಹುಡುಗಿಯರಿಗೆ ಪತಿಭಕ್ತಿಯ ಪಾಠ ಹೇಳುವಾಗ ನಿಮ್ಮ ತಂಗಿಯ ಹೆಸರನ್ನೇ ಹೇಳಬಹುದು. ಚೂರು ಬಡವಾಗಿದ್ದಾಳೆ, ಬಳೆಗಳು ಸಡಿಲಾಗಿವೆ. ಗಂಡನ ಚಿಂತೆಗೆ ಹಾಗಾಗುವುದು ಸಹಜ.

ಬಸಲಿಂಗಪ್ಪ


ಸವದತ್ತಿ
೨ ಜುಲೈ ೧೯೧೧

ವಕೀಲರಿಗೆ,

ಬಳೆ ಮಾರುವ ಶಟ್ಟೆವ್ವ ನಿಮ್ಮೂರಿನಿಂದ ನಿನ್ನೆ ಇಲ್ಲಿಗೆ ಬಂದಿದ್ದಳು. ನಾನು ಕೇಳುವ ಮೊದಲೇ ಹೇಳಿದಳು: "ಅಕ್ಕೋರ, ನಿಮ್ಮ ತಂಗಿ ಕೈಗೆ ಸಣ್ಣ ಹುಡುಗ್ಯಾರ ಬಳಿ ಏರಸಿ ಬಂದೇನಿ. ಕಡ್ಡಿ ಆಗ್ಯಾಳ. ಮನ್ಯಾಗ ಉಣ್ಣಾಕ ಹಾಕತಾರೋ ಇಲ್ಲೋ?" ಹಾದಿಯಲ್ಲಿ ಹೋಗುವವಳು ಕೇಳಿದ ಮಾತನ್ನು ಮನೆಯಲ್ಲೇ ಇದ್ದ ನೀವು ಕೇಳಲಿಲ್ಲ. "ಚೂರು ಬಡವಾಗಿದ್ದಾಳೆ" ಎಂದು ಬರೆದು ಮುಗಿಸಿದಿರಿ.

ನಿಮ್ಮ ಎರಡು ಪಥ್ಯಗಳ ಜಗಳದಲ್ಲಿ ನನ್ನ ತಂಗಿ ಉಪವಾಸ ಬಿದ್ದಿದ್ದಾಳೆ. ನಿಮ್ಮ ಹೊಟ್ಟೆಯಲ್ಲಿ ವರ್ಷಗಟ್ಟಲೆ ಉಂಡ ತುಪ್ಪವಿದೆ, ತಡೆಯುತ್ತದೆ. ಅವಳಲ್ಲಿ ಏನಿದೆ? ಇದನ್ನು ಪತಿಭಕ್ತಿ ಎಂದು ಹೊಗಳಲು ನಿಮಗೆ ನಾಚಿಕೆಯಾಗಬೇಕು. ಪಾಠ ಹೇಳಬೇಕಾದರೆ ನಾನು ಹುಡುಗಿಯರಿಗೆ ಬೇರೆಯದನ್ನೇ ಹೇಳುತ್ತೇನೆ.

ಪಂಚಮಿಗೆ ಬಂಡಿ ಕಳಿಸುತ್ತೇನೆ. ಒಂದು ತಿಂಗಳು ನನ್ನ ಮನೆಯಲ್ಲಿ ಇರಲಿ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಗುಳ್ಳಡಿಕೆ ಉಂಡಿ ಎಲ್ಲ ಮಾಡಿಸಿ ಇಟ್ಟಿರುತ್ತೇನೆ. ಬೇಡವೆಂದು ನೀವು ಪತ್ರ ಬರೆದರೆ ಬಂಡಿಯಲ್ಲಿ ನಾನೇ ಕುಳಿತು ಬರುತ್ತೇನೆ, ಆಮೇಲೆ ನಿಮ್ಮ ಓಣಿಯ ಮುಂದೆಯೇ ಮಾತಾಡೋಣ.

ಇಂದ್ರವ್ವ


ಸವದತ್ತಿ
೧೦ ಆಗಸ್ಟ್ ೧೯೧೧

ವಕೀಲ ಸಾಹೇಬರಿಗೆ ಶರಣು.

ರಾಮಿ ಬಂದು ಎರಡು ವಾರವಾಯಿತು. ಬಂಡಿಯಿಂದ ಇಳಿದಾಗ ನಾನೇ ತೋಳು ಹಿಡಿದು ಒಳಗೆ ಕರೆತಂದೆ. ನಾನು ಎತ್ತಿ ಆಡಿಸಿದ ಹುಡುಗಿ, ನನಗಿಂತ ಮುದುಕಿಯಾಗಿ ಕಂಡಳು.

ಮೊದಲ ದಿನ ತಾಟಿನಲ್ಲಿ ಉಂಡಿ ಇಟ್ಟರೆ, "ಒಲ್ಲೆಕ್ಕ, ನನಗ ಸೇರೂದಿಲ್ಲ" ಎಂದಳು. ನಿಮ್ಮ ಮನೆಯ ಹೆದರಿಕೆ ಸವದತ್ತಿಯವರೆಗೂ ಬೆನ್ನಟ್ಟಿ ಬಂದಿತ್ತು. ನಾನು ಬಿಡುವವಳೇ? "ನನ್ನ ಆಣಿ ಐತಿ, ತಿನ್ನಬೇಕು" ಎಂದೆ. ನನ್ನ ಮುಖವನ್ನೇ ನೋಡುತ್ತ ತಿಂದಳು. ಈಗ ದಿನಾಲು ಎದುರು ಕೂಡಿಸಿಕೊಂಡು, ನಾನೇ ಮುರಿದು ಬಾಯಿಗೆ ಹಾಕಿ ತಿನ್ನಿಸುತ್ತೇನೆ. ಬೆಲ್ಲದ ಹಾಲು ಬೇರೆ. ನಿಮ್ಮ ಬೆಣ್ಣೆ ಮೊಸರಿನ ಉಷ್ಣ ಇನ್ನೂ ಮೈಯಲ್ಲಿ ಉಳಿದಿರಬೇಕು, ಕೊಡಗಟ್ಟಲೆ ನೀರು ಕುಡಿಯುತ್ತಾಳೆ. ರಾತ್ರಿ ಮೇಲಿಂದ ಮೇಲೆ ಏಳುತ್ತಾಳೆ, ಹಗಲೆಲ್ಲ ತೂಕಡಿಸುತ್ತಾಳೆ. ಮೈ ಹಿಡಿಯಲು ಇನ್ನೂ ಸ್ವಲ್ಪ ದಿನ ಬೇಕು.

ಹಿತ್ತಲಲ್ಲಿ ಕಾಲಿನ ಕಿರುಬೆರಳಿಗೆ ಜಾಲಿಮುಳ್ಳು ಚುಚ್ಚಿತ್ತು. ತೆಗೆದು ಅರಿಶಿನ ಹಚ್ಚಿದ್ದೇನೆ, ಇನ್ನೂ ಒಣಗಿಲ್ಲ. ಮಳೆಗಾಲದ ಗಾಯ ತಡವೇ.

ಮನೆಯಲ್ಲಿ ಉಂಡಿ ಮಾಡಿಸಿದ್ದರ ಫಲವಾಗಿ ಇರುವೆಗಳ ಕಾಟ ಹೆಚ್ಚಿದೆ. ಅಡುಗೆ ಮನೆ ಬಿಟ್ಟು ಬಚ್ಚಲ ಕಡೆಗೆಲ್ಲ ಸಾಲು ಹಿಡಿದಿವೆ. ಇರಲಿ ಬಿಡಿ, ಬೆಲ್ಲ ತಿನ್ನುವ ಮನೆಯೆಂದು ಅವುಗಳಿಗಾದರೂ ಗೊತ್ತಾಗಲಿ. ನಿಮ್ಮ ಮನೆಯ ಪಥ್ಯಕ್ಕಿಂತ ನನ್ನ ಮನೆಯ ಇರುವೆ ಮೇಲು.

ಇಂದ್ರವ್ವ


ಬೈಲಹೊಂಗಲ
೧೧ ಆಗಸ್ಟ್ ೧೯೧೧

ಇಂದ್ರವ್ವ ಅಕ್ಕನವರಿಗೆ ಅನಂತ ಶರಣು.

ಈ ಪತ್ರವನ್ನು ರಾಮವ್ವನಿಗೆ ಗಟ್ಟಿಯಾಗಿ ಓದಿ ಹೇಳಿರಿ. ನಾನು ಗುಣವಾಗಿದ್ದೇನೆ. ಬಚ್ಚಲ ಮೋರಿಯಲ್ಲಿ ಒಂದೇ ಒಂದು ಇರುವೆ ಇಲ್ಲ. ಅವಳು ಬಂಡಿ ಹತ್ತಿದ ಮರುದಿನದಿಂದಲೇ ಇಲ್ಲ. ನಾನು ಹಿಗ್ಗಿದೆ, ಆದರೆ ವಕೀಲನಾದ್ದರಿಂದ ಪರೀಕ್ಷೆ ಮಾಡದೆ ಬಿಡಲಿಲ್ಲ. ನೆರೆಮನೆಯ ಕೃಷ್ಣವ್ವನಿಂದ ಜೋಳದ ರೊಟ್ಟಿ ಮಾಡಿಸಿ ಉಂಡೆ. ಇರುವೆ ಬರಲಿಲ್ಲ. ಕಿತ್ತೂರಿನ ಪಕ್ಷಗಾರನ ಮನೆಯಲ್ಲಿ ಹೂರಣದ ಹೋಳಿಗೆಯನ್ನು ತುಪ್ಪದಲ್ಲಿ ಅದ್ದಿ, ಸಾಕೆನ್ನುವವರೆಗೆ ಉಂಡೆ. ಇರುವೆ ಬರಲಿಲ್ಲ.

ಇದರಿಂದ ಡಾಕ್ಟರನ ಪಥ್ಯವೇ ಗೆದ್ದಿತೆಂದು ನನ್ನ ತೀರ್ಮಾನ. ಮುದಕಪ್ಪ ವೈದ್ಯ ಮಾತ್ರ ತನ್ನ ನವಣಕ್ಕಿಯ ಗುಣ ತಡವಾಗಿ ಹತ್ತಿತೆಂದು ಸಂತೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಎಂಥ ನಿರ್ಲಜ್ಜ ಮನುಷ್ಯ. ಹಸಿವು ತಡೆದವನು ನಾನು, ಹೆಸರು ಅವನಿಗೆ. ಧಾರವಾಡದ ಪತ್ರಿಕೆಗೆ ನಾನೇ ಒಂದು ಲೇಖನ ಬರೆದು ಕಳಿಸುವವನಿದ್ದೇನೆ. ಎರಡೂ ಪಥ್ಯಗಳನ್ನು ತನ್ನ ಮೈಮೇಲೆ ಪ್ರಯೋಗಿಸಿ ನೋಡಿದ ಮನುಷ್ಯ ಈ ಸೀಮೆಯಲ್ಲಿ ಬೇರೆ ಯಾರಿದ್ದಾರೆ?

ತಲೆದೆಸೆಯ ತಂಬಿಗೆಯೂ ಈಗ ಇಟ್ಟಂತೆಯೇ ತುಂಬಿ ಇರುತ್ತದೆ. ನೀರಡಿಕೆ ಪೂರ್ತಿ ಹೋಗಿದೆ.

ನಿಮ್ಮವನಾದ
ಬಸಲಿಂಗಪ್ಪ


ಸವದತ್ತಿ
೧೫ ಆಗಸ್ಟ್ ೧೯೧೧

ವಕೀಲರಿಗೆ,

ನಿಮ್ಮ ಪತ್ರವನ್ನು ರಾಮಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ನೀರು ಕುಡಿದಳು. ಅವಳು ನೀರು ಕುಡಿಯುವುದನ್ನು ನೋಡುತ್ತ ನಿಂತಾಗ ನೀವು ಬರೆದ ತಂಬಿಗೆ ನೆನಪಾಯಿತು.

ನಿಮ್ಮ ಇರುವೆ ಹೋದದ್ದು ಎಂದು? ಅವಳು ಬಂಡಿ ಹತ್ತಿದ ದಿನ. ನನ್ನ ಬಚ್ಚಲಿಗೆ ಇರುವೆ ಬಂದದ್ದು ಎಂದು? ಅವಳು ಬಂಡಿ ಇಳಿದ ದಿನ. ಉಂಡಿಯ ಡಬ್ಬಿಗಳಿರುವುದು ಅಡುಗೆ ಮನೆಯಲ್ಲಿ, ಇರುವೆಯ ಸಾಲು ಹೋಗುವುದು ಮೋರಿಗೆ. ನಿಮ್ಮ ತಂಬಿಗೆಯ ನೀರನ್ನು ಕುಡಿದವರು ಯಾರೆಂದು ಈಗಲಾದರೂ ತಿಳಿಯಿತೇ? ರೋಗ ಅವಳದು, ಬಸಲಿಂಗಪ್ಪನವರೇ. ಮೊದಲಿನಿಂದಲೂ ಅವಳದೇ. ನೀವು ಆರೋಗ್ಯವಂತರಾಗಿ ಕುಳಿತು ಪಥ್ಯ ಮಾಡಿದಿರಿ, ವೈದ್ಯರೊಡನೆ ಜಗಳ ಮಾಡಿದಿರಿ, ಲೇಖನ ಬರೆಯಲು ಹೊರಟಿರಿ. ಇಬ್ಬರೇ ಇರುವ ಮನೆಯಲ್ಲಿ ಇನ್ನೊಬ್ಬಳೂ ಮನುಷ್ಯಳೆಂದು ನಿಮಗೆ ಹೊಳೆಯಲಿಲ್ಲ.

ನನ್ನನ್ನು ನಾನು ಏನೆಂದು ಬೈದುಕೊಳ್ಳಲಿ? ಒಲ್ಲೆ ಎಂದವಳಿಗೆ ಆಣೆ ಹಾಕಿ ಬೆಲ್ಲ ತಿನ್ನಿಸಿದ್ದೇನೆ. ನಿಮ್ಮ ಮೇಲಿನ ಸಿಟ್ಟನ್ನೆಲ್ಲ ಉಂಡಿ ಕಟ್ಟಿ ಅವಳ ಬಾಯಿಗೆ ಹಾಕಿದ್ದೇನೆ. ಕಿರುಬೆರಳು ಈಗ ಕಪ್ಪಗಾಗಿದೆ, ಮುಟ್ಟಿದರೆ ಅವಳಿಗೆ ನೋವೇ ತಿಳಿಯುವುದಿಲ್ಲ.

ನಾಳೆ ಧಾರವಾಡಕ್ಕೆ ಡಾಕ್ಟರರ ಬಳಿ ಕರೆದೊಯ್ಯುತ್ತೇನೆ. ಬಾಟ್ಲಿಯನ್ನು ನಾನೇ ಹಿಡಿದು ನಡುಬೀದಿಯಲ್ಲಿ ನಡೆಯುತ್ತೇನೆ. ಯಾರು ಬೇಕಾದರೂ ನೋಡಲಿ.

ಇಂದ್ರವ್ವ


ಬೈಲಹೊಂಗಲ
೨೩ ಆಗಸ್ಟ್ ೧೯೧೧

ಇಂದ್ರವ್ವ ಅಕ್ಕನವರಿಗೆ,

ನಿಮ್ಮ ಪತ್ರ ಓದಿ ಮೊದಲು ಸಿಟ್ಟು ಬಂತು. ಹೆಂಗಸರಿಗೆ ಈ ರೋಗ ಬರುವುದಿಲ್ಲ, ಇದು ನಿಮ್ಮ ಉಂಡಿಯ ಪ್ರತಾಪವೇ ಎಂದು ಉತ್ತರ ಬರೆದೆ. ಆಮೇಲೆ ಅದನ್ನು ಹರಿದೆ. ನಿಮ್ಮ ಮಾತು ಸುಳ್ಳೆಂದು ತೋರಿಸಲೇಬೇಕೆಂದು ಬೆಳಗಾವಿಗೆ ಹೋಗಿ, ಅದೇ ಡಾಕ್ಟರನ ಮುಂದೆ ನಿಂತು ಬಾಟ್ಲಿ ಕೇಳಿ ಪಡೆದೆ. ಆತ ಗಾಜಿನ ನಳಿಗೆಯಲ್ಲಿ ನೀಲಿ ಔಷಧಕ್ಕೆ ನನ್ನದನ್ನು ಹನಿಸಿ ದೀಪದ ಮೇಲೆ ಕಾಸಿದ. ಸಕ್ಕರೆ ಇದ್ದರೆ ಇಟ್ಟಂಗಿಯ ಬಣ್ಣಕ್ಕೆ ತಿರುಗುತ್ತದಂತೆ. ನೀಲಿ ನೀಲಿಯಾಗಿಯೇ ಉಳಿಯಿತು. ಪಥ್ಯ ಬಿಟ್ಟು ಹೋಳಿಗೆ ಉಂಡವನೆಂದು ಹೇಳಿದ ಮೇಲೆ ಆತ ನಕ್ಕ. "ನಿಮಗ ರೋಗನ ಇದ್ದಿದ್ದಿಲ್ಲ ಬಿಡ್ರಿ. ಅವತ್ತ ಬಾಟ್ಲಿ ಹಿಡದಿದ್ರ ಅವತ್ತ ಹೇಳತಿದ್ದೆ" ಎಂದ.

ಹಾಗಾದರೆ ಇರುವೆ ಯಾರವು ಎಂದು ಆತ ಕೇಳಿದ. ನಾನು ಎದ್ದು ಬಂದೆ.

ಈಗ ನನ್ನ ಸಿಟ್ಟೆಲ್ಲ ರಾಮವ್ವನ ಮೇಲಿದೆ. ಅವಳಿಗೆ ಗೊತ್ತಿರಲೇಬೇಕು. ಎದ್ದವಳು ಅವಳು, ನೀರು ಕುಡಿದವಳು ಅವಳು. ನಾನು ಹಾಗಲಕಾಯಿ ನುಂಗುವುದನ್ನು ಎದುರು ಕುಳಿತು ನೋಡಿದಳಲ್ಲ. ಇದನ್ನು ಕೋರ್ಟಿನಲ್ಲಿ ವಂಚನೆ ಎನ್ನುತ್ತಾರೆ. ಏಕೆ ಹೇಳಲಿಲ್ಲ ಎಂದು ಕೇಳಿ ಬರೆಯಿರಿ. ಉತ್ತರ ಬಾರದೆ ನನಗೆ ಅನ್ನ ಸೇರುವುದಿಲ್ಲ.

ಕಾಲು ಹೇಗಿದೆ?

ಬಸಲಿಂಗಪ್ಪ


ಧಾರವಾಡ
೩ ಸೆಪ್ಟೆಂಬರ್ ೧೯೧೧

ವಕೀಲರಿಗೆ,

ಕಾಲು ಹೇಗಿದೆಯೆಂದು ಪತ್ರದ ಕೊನೆಗೆ ಒಂದೇ ಸಾಲಿನಲ್ಲಿ ಕೇಳಿದ್ದೀರಿ. ಕಿರುಬೆರಳನ್ನು ಕತ್ತರಿಸಿದ್ದಾರೆ. ನಳಿಗೆ ಇಟ್ಟಂಗಿಯ ಬಣ್ಣಕ್ಕೇ ತಿರುಗಿತು. ಸಕ್ಕರೆ ಇಳಿಯದಿದ್ದರೆ ಪಾದವೂ ಹೋಗುತ್ತದೆ, ಪಾದ ಹೋದ ಮೇಲೆ ಜೀವವೂ ನಿಲ್ಲುವುದಿಲ್ಲ ಎಂದು ಡಾಕ್ಟರರು ಹೇಳಿದ್ದಾರೆ. ಈ ರೋಗ ಹೋಗಿಸುವ ಔಷಧ ಅವರಲ್ಲಿ ಇಲ್ಲ. ಇರುವುದೆಲ್ಲ ಊಟದಲ್ಲೇ.

ನೀವು ಕೇಳಿದ್ದನ್ನು ಅವಳಿಗೆ ಓದಿ ಹೇಳಿದೆ. ಇಷ್ಟು ದಿನ ಸುಮ್ಮನಿದ್ದವಳು, "ಬರ್ಕೋ" ಎಂದಳು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ. ತಿದ್ದಬೇಡ ಎಂದಿದ್ದಾಳೆ.

"ಇರವಿ ನನ್ನವು ಅಂತ ನನಗ ಮೊದಲ ಗೊತ್ತಿತ್ತರಿ. ನೀವು ಊರಾಗ ಇಲ್ಲದಾಗೂ ಅವು ಬರತಿದ್ದವು. ನೀವು ಏಳೂದರಾಗ ದಿನಾ ಬಿಸಿನೀರು ಸುರುವಿ ತೊಳೀತಿದ್ದೆ. ಅವತ್ತ ನನಗ ಮೈಯಾಗ ಆರಾಮ ಇರಲಿಲ್ಲ, ಏಳಾಕ ತಡ ಆತು. ನೀವು ನೋಡಿದ್ರಿ. ನನಗ ರೋಗ ಬಂತು ಅಂತ ಒದರಿದ್ರಿ. ನಾ ಸುಮ್ಮನಾದೆ.

"ಯಾಕ ಹೇಳಲಿಲ್ಲ ಅಂತ ಕೇಳೀರಿ. ನಿಮ್ಮವ್ವಗ ಇದ ಆಗಿತ್ತು. ನಿಮಗ ಗೊತ್ತಿಲ್ಲ, ನೀವು ಕೇಳಿಲ್ಲ. ಅತ್ತಿ ಒಮ್ಮೆ ತನಗ ಬ್ಯಾರೆ ಅಡಿಗಿ ಮಾಡು ಅಂದಿದ್ದಕ್ಕ, ಮಾವನವರು ಮುದಿಕಿ ನಾಲಿಗಿ ಚಪಲ ಅಂತ ಪಡಸಾಲ್ಯಾಗ ಮಂದಿ ಮುಂದ ಅಂದ್ರು. ಅತ್ತಿ ಮತ್ತ ಕೇಳಲಿಲ್ಲ. ಎಲ್ಲಾರ ಗತೆ ಉಂಡು ಸತ್ರು. ನಾನ ಅವರ ಕಾಲು ತೊಳದೇನಿ, ಆ ಹುಣ್ಣು ನನಗ ನೆನಪೈತಿ. ಹೆಂಗಸಿನ ಸಲುವಾಗಿ ಆ ಮನ್ಯಾಗ ಪಥ್ಯದ ಒಲಿ ಹೊತ್ತೂದಿಲ್ಲ ಅನ್ನೂದು ನನಗ ಅವತ್ತ ತಿಳೀತು.

"ನಿಮಗ ರೋಗ ಅಂದ ಕೂಡಲೆ ನವಣಿ ಬಂತು, ಹಾಗಲಕಾಯಿ ಬಂತು, ಬೆಣ್ಣಿ ಬಂತು. ನಿಮ್ಮ ಸಲುವಾಗಿ ಮಾಡಿದ ಅಡಿಗಿ, ನಿಮ್ಮ ತಾಟಿನಾಗ ನಾನೂ ಉಂಡೆ. ಗಂಡಾ ಉಣ್ಣದ್ದು ನನಗ ಸೇರೂದಿಲ್ಲ ಅಂದೆ, ನೀವು ಹಿಗ್ಗಿದ್ರಿ. ನವಣಕ್ಕಿ ಉಂಡಾಗ ನನ್ನ ನೀರಡಿಕಿ ತಗ್ಗಿತು, ಕಣ್ಣಿನ ಮಂಜು ಹೋತು. ಡಾಕ್ಟರಂದು ಮಾಡಿದಾಗ ನೀರಡಿಕಿ ಇನ್ನೂ ತಗ್ಗಿತು, ಆದ್ರ ಕೈಕಾಲಾಗ ತ್ರಾಣ ಉಳೀಲಿಲ್ಲ, ಕೊಡ ಎತ್ತಾಕ ಆಗಲಿಲ್ಲ. ಎರಡರಾಗ ಯಾವದು ಚಲೋ ಅಂತ ನೀವು ವೈದ್ಯನ ಕೂಡ ಜಗಳಾಡಿದ್ರಿ, ಡಾಕ್ಟರನ ಕೂಡ ಜಗಳಾಡಿದ್ರಿ, ಅಕ್ಕನ ಕೂಡ ಪತ್ರದಾಗ ಜಗಳಾಡಿದ್ರಿ. ಉಂಡಾಕಿನ್ನ ಯಾರೂ ಕೇಳಲಿಲ್ಲ.

"ಅಕ್ಕನೂ ಕೇಳಲಿಲ್ಲ. ಒಲ್ಲೆ ಅಂದ್ರ ಆಣಿ ಹಾಕಿದ್ಲು. ನನ್ನ ಮ್ಯಾಲಿನ ಜೀವಕ್ಕ ಹಾಕಿದ್ಲು ಅಂತ ಗೊತ್ತೈತಿ, ಅದಕ್ಕ ಬಾಯಿ ತಗದೆ. ಇದನ್ನ ಬರೀಬೇಕಾದ್ರ ಆಕಿ ಅಳಾಕ ಹತ್ಯಾಳ. ಅಕ್ಷರ ಕಲಸಿದ್ರ ತಿಳಕೊಂಡ ಓದ್ರಿ.

"ವಂಚನಿ ಅಂದೀರಂತ. ಅನ್ರಿ. ನಿಮಗ ಕೆಲವು ದಿನ ಹೋಳಿಗಿ ತಪ್ಪೇತಿ. ನನಗ ಬೆರಳು ಹೋಗೈತಿ. ಯಾವದಕ್ಕ ಸಿಟ್ಟಿಗೇಳಬೇಕು ಅಂತ ನೀವ ಕುಂತ ವಿಚಾರ ಮಾಡ್ರಿ.

"ನಾ ಬದುಕಬೇಕು. ಅತ್ತಿಗತೆ ಸುಮ್ಮನ ಉಂಡು ಸಾಯಾಕ ನಾ ಒಲ್ಲೆ. ಕರಿಯಾಕ ಬರತೇನಿ ಅಂದ್ರ ಬರ್ರಿ. ಬರೋಮುಂದ ಒಂದು ಚೀಲ ನವಣಿ ಹೊತಗೊಂಡ ಬರ್ರಿ. ಯಾರ ಸಲುವಾಗಿ ಅಂತ ಹಾದ್ಯಾಗ ಯಾರರೆ ಕೇಳಿದ್ರ, ನನ್ನ ಹೆಂಡತಿ ಸಲುವಾಗಿ ಅಂತ ಹೇಳ್ರಿ. ಇನ್ನ ಮ್ಯಾಲ ಪಥ್ಯ ನನ್ನ ಹೆಸರಿಲೆ ನಡೀಲಿ. ನಿಮಗ ರೊಟ್ಟಿ ಬೇಕಂದ್ರ ನಾ ಉಂಡಿದ್ದಮ್ಯಾಲ ಮಾಡಿಕೊಡತೇನಿ."

ರಾಮವ್ವಳ ಮಾತು. ಬರೆದವಳು ಇಂದ್ರವ್ವ.